ಅಪ್‌ಡೇಟ್: ಅಮ್ಮನ ಕೈಗೆ ಬಿಸಿ ಸಾರು ಚೆಲ್ಲಿದ್ದು

ಅಮ್ಮನ ಕೈ ಮೇಲೆ ಕುದಿಯೋ ಸಾರು ಚೆಲ್ಲಿದೆ, ಟೂತ್‌ಪೇಸ್ಟ್ ಹಚ್ಚಬಹುದಾ ಅಂತ ಕೇಳಿದ್ದೆ. ಏನೂ ಹಚ್ಚಬೇಡಿ, 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಿರಿ ಅಂದವರಿಗೆಲ್ಲ ತುಂಬಾ ಥ್ಯಾಂಕ್ಸ್. ಹಾಗೇ ಮಾಡಿದೆವು. ಬಳೆ, ಉಂಗುರ ಮೊದಲೇ ತೆಗೆಸಿ ಅಂದಿದ್ದು ಎಷ್ಟು ಒಳ್ಳೆಯದಾಯ್ತು! ಸ್ವಲ್ಪ ಹೊತ್ತಿಗೇ ಕೈ ಊದಿಕೊಂಡಿತು. ಆಮೇಲೆ ಬಳೆ ಬರುತ್ತಲೇ ಇರಲಿಲ್ಲ. ಪಕ್ಕದ ಮನೆಯವರು ಐಸ್ ತಂದುಕೊಟ್ಟರು, ಇಡಲಿಲ್ಲ. ಡಾಕ್ಟರೂ ಅದನ್ನೇ ಹೇಳಿದರು: ಐಸ್ ಇಟ್ಟರೆ ಅಲ್ಲಿ ರಕ್ತ ಸಂಚಾರ ಕಡಿಮೆಯಾಗಿ ಸುಟ್ಟ ಚರ್ಮ ಇನ್ನಷ್ಟು ಹಾಳಾಗುತ್ತದೆ. ಬೊಬ್ಬೆ ಒಡೆಯದೆ ಡ್ರೆಸಿಂಗ್ ಮಾಡಿ, ಟಿಟಿ ಇಂಜೆಕ್ಷನ್ ಕೊಟ್ಟರು. ಅಮ್ಮನಿಗೆ ಶುಗರ್ ಇರೋದರಿಂದ ಗಾಯ ಮಾಯೋದು ನಿಧಾನ. ಕೀವು, ಜ್ವರ ಕಂಡರೆ ತಕ್ಷಣ ಕರೆತನ್ನಿ ಅಂದಿದ್ದಾರೆ. ಈಗ ಉರಿ ಕಡಿಮೆಯಾಗಿದೆ, ಬೆರಳು ಮಡಚೋಕೂ ಆಗ್ತಿದೆ.