1967ರ ಅಂಬಾಸಿಡರ್ ಮಾರ್ಕ್ 2: ಎಂಜಿನ್ ಸಂಖ್ಯೆ ಆರ್‌ಸಿಗೆ ತಾಳೆಯಾಗುತ್ತಿಲ್ಲ, ಇದು ಮೂಲ ಎಂಜಿನ್ನೇ?

ಪಡುಬಿದ್ರಿ ಮಾರ್ಕ್2:
ಎಲ್ಲರಿಗೂ ನಮಸ್ಕಾರ. ಸೋದರಮಾವನ 1967ರ ಅಂಬಾಸಿಡರ್ ಈಗ ನನ್ನ ಅಂಗಳಕ್ಕೆ ಬಂದಿದೆ. ಮೈಸೂರು ರಾಜ್ಯದ ಕಾಲದ ನೋಂದಣಿ, ‘ಎಂವೈ’ಯಿಂದ ಆರಂಭವಾಗುವ ಸಂಖ್ಯೆ. ಹನ್ನೊಂದು ವರ್ಷ ಕೊಟ್ಟಿಗೆಯ ಪಕ್ಕ ಮಡಲಿನ ಮಾಡಿನಡಿ ನಿಂತಿತ್ತು. ವಿಂಟೇಜ್ ನೋಂದಣಿ ಮಾಡಿಸುವ ಆಸೆಯಿದೆ. ಆದರೆ ಎಂಜಿನ್ ಬ್ಲಾಕಿನ (ಎಂಜಿನ್ನಿನ ಎರಕದ ಮುಖ್ಯ ಒಡಲು) ಮೇಲೆ ಕಾಣುವ ಸಂಖ್ಯೆಗೂ ಕಳೆದ ನವೀಕರಣದಲ್ಲಿ ಸಿಕ್ಕ ಆರ್‌ಸಿ ಕಾರ್ಡಿನ ಸಂಖ್ಯೆಗೂ ಒಂದಂಕಿಯ ಸಂಬಂಧವೂ ಇಲ್ಲ. ಎಂಜಿನ್ ಬದಲಾಯಿಸಿಯೇ ಇಲ್ಲ ಎಂದು ಅತ್ತೆ ಆಣೆ ಹಾಕುತ್ತಾರೆ. ಬದಲಾಗಿದೆ ಎಂದು ಊರಿನ ಮೆಕ್ಯಾನಿಕ್ ಹೇಳುತ್ತಾರೆ. ಯಾರ ಮಾತು ಹಿಡಿಯಲಿ?

ಬಂದರಿನ ಬೇರಿಂಗ್:
ಸದ್ಯಕ್ಕೆ ಇಬ್ಬರದೂ ಬೇಡ. ಆ ಸಂಖ್ಯೆಯ ಮೇಲೆ ಬೆರಳಾಡಿಸಿ ನೋಡಿ: ಅಂಕಿ ಉಬ್ಬಿದೆಯೋ, ತಗ್ಗಿದೆಯೋ? ಉಬ್ಬಿದ್ದರೆ ಅದು ಬ್ಲಾಕನ್ನು ಎರಕ ಹೊಯ್ದ ಅಚ್ಚಿನ ಸಂಖ್ಯೆ. ಒಂದೇ ಅಚ್ಚಿನಲ್ಲಿ ಹುಟ್ಟಿದ ಎಲ್ಲ ಬ್ಲಾಕುಗಳಿಗೂ ಅದೇ ಸಂಖ್ಯೆ ಇರುತ್ತದೆ. ಅದನ್ನು ಆರ್‌ಸಿಯೊಂದಿಗೆ ಹೋಲಿಸುವುದೆಂದರೆ ಮನೆತನದ ಹೆಸರು ಹಿಡಿದು ಮನುಷ್ಯನನ್ನು ಹುಡುಕಿದಂತೆ. ನಾನು ಕಂಡ ಹಳೆಯ ಕಾರುಗಳಲ್ಲಿ ಅರ್ಧದಷ್ಟು ‘ಎಂಜಿನ್ ಬದಲಾಗಿದೆ’ ಗಲಾಟೆ ಇಲ್ಲಿಯೇ ಹುಟ್ಟಿದ್ದು.

ನಿಮ್ಮ ಕಾರಿನಲ್ಲಿ ಇರಬೇಕಾದದ್ದು 1489 ಸಿಸಿಯ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಬಿ-ಸೀರೀಸ್ ಪೆಟ್ರೋಲ್ ಎಂಜಿನ್. ಕಾರ್ಬುರೇಟರ್ ಎಡಕ್ಕೆ, ಪ್ಲಗ್, ಡಿಸ್ಟ್ರಿಬ್ಯೂಟರ್, ಡೈನಮೋ ಚಾಲಕನ ಬದಿಗೆ. ಆ ಬಲಬದಿಯಲ್ಲಿಯೇ, ಡೈನಮೋ ಕೂರುವ ಜಾಗದ ಮೇಲೆ, ಚಿಕ್ಕ ಲೋಹದ ಫಲಕವಿರಬೇಕು. ಅದರಲ್ಲಿ ಕೊರೆದದ್ದೇ ಎಂಜಿನ್ ಸಂಖ್ಯೆ. ಅರ್ಧ ಶತಮಾನದ ಎಣ್ಣೆ ಮತ್ತು ಮಣ್ಣು ಸೇರಿ ಅದನ್ನು ಮುಚ್ಚಿರುತ್ತದೆ. ಸೀಮೆಎಣ್ಣೆ ಮತ್ತು ಹಳೆಯ ಹಲ್ಲುಜ್ಜುವ ಬ್ರಶ್ ಸಾಕು. ಡ್ರಿಲ್ಲಿಗೆ ತಂತಿ ಬ್ರಶ್ ಸಿಕ್ಕಿಸಿ ಹೋಗಬೇಡಿ, ಅಂಕಿಯೂ ಹೋಗುತ್ತದೆ, ಮಾನವೂ ಹೋಗುತ್ತದೆ. ಬಳಿಕ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ, ಆರ್‌ಟಿಒದಲ್ಲಿ ಚಾಸಿ ಸಂಖ್ಯೆಗೆ ತೆಗೆಯುವಂತೆ. 3 ಮತ್ತು 8ರ ವ್ಯತ್ಯಾಸ ಫೋಟೊಕ್ಕಿಂತ ಅದರಲ್ಲಿ ಚೆನ್ನಾಗಿ ತಿಳಿಯುತ್ತದೆ.

ಪಡುಬಿದ್ರಿ ಮಾರ್ಕ್2:
ಬೇರಿಂಗ್ ಅವರೇ, ನೀವು ಹೇಳಿದ್ದೇ ಸರಿ. ನಾನು ಓದಿದ್ದು ಉಬ್ಬು ಅಂಕಿ. ಫಲಕ ಸಿಕ್ಕಿತು, ಪೆನ್ಸಿಲ್ ಅಚ್ಚನ್ನೂ ತೆಗೆದೆ. ಆರ್‌ಸಿಗೆ ಪೂರ್ತಿ ತಾಳೆಯಾಗಿದೆ! ಅತ್ತೆ ಗೆದ್ದರು.

ಬಂದರಿನ ಬೇರಿಂಗ್:
ಅವರಿಗೆ ಇನ್ನೂ ಪಾಯಸ ಬಡಿಸಬೇಡಿ. ಫಲಕ ಬೇರೆ, ಬ್ಲಾಕ್ ಬೇರೆ. ರಿವೆಟ್ ಕಿತ್ತರೆ ಫಲಕ ಇನ್ನೊಂದು ಬ್ಲಾಕಿಗೆ ಹೋಗುತ್ತದೆ. ಒಡೆದ ಬ್ಲಾಕಿನಿಂದ ಸಂಖ್ಯೆಯನ್ನು ಬಿಚ್ಚಿ ಬದಲಿ ಬ್ಲಾಕಿಗೆ ಬಡಿದ ಕೈಗಳನ್ನು ನಾನೇ ನೋಡಿದ್ದೇನೆ. 1489 ಸಿಸಿ ಎಂಜಿನ್ ದಶಕಗಳ ಕಾಲ ಬಂದದ್ದರಿಂದ 1975ರ ಮಾರ್ಕ್ 3ರದ್ದು ನಿಮ್ಮ ಕಾರಿನಲ್ಲಿ ಕೂತರೆ ಮೇಲ್ನೋಟಕ್ಕೆ ಯಾರಿಗೂ ತಿಳಿಯದು. ಡೀಸೆಲ್ ಹಾಕಿಸಿದ್ದರೆ ಪ್ಲಗ್ ವೈರೇ ಇರದೆ ಒಂದೇ ನೋಟಕ್ಕೆ ಗುಟ್ಟು ರಟ್ಟಾಗುತ್ತಿತ್ತು.

ಫಲಕ ಹಿಡಿದಿರುವುದು ರಿವೆಟ್ಟೋ ಸ್ಕ್ರೂವೋ? ಸುತ್ತ ಹಳೆಯ ಫಲಕದ ಗುರುತು, ಖಾಲಿ ರಂಧ್ರ ಇದೆಯೇ? ಕಾರ್ಬುರೇಟರ್, ಡೈನಮೋ ನೋಡಿ ತೀರ್ಮಾನಿಸಬೇಡಿ, ಅವು ಅಂಗಿ ಬದಲಾಯಿಸಿದಷ್ಟೇ ಸುಲಭ. ಎಂದಾದರೂ ಹೆಡ್ (ಎಂಜಿನ್ನಿನ ಮೇಲ್ಭಾಗ) ತೆರೆದರೆ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, ಅಳೆಯಿರಿ. ಹೊಸತಿನಲ್ಲಿ ಅದು ಸುಮಾರು 73 ಮಿ.ಮೀ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಕಾರಿನಲ್ಲಿ ಸ್ಲೀವ್ (ಸವೆದ ಸಿಲಿಂಡರಿನೊಳಗೆ ಕೂರಿಸುವ ಹೊಸ ಕೊಳವೆ) ಹಾಕದೆಯೂ ಬೋರ್ ಹೊಸದರಂತೆ ಇದ್ದರೆ ನನಗಂತೂ ಅನುಮಾನ ಬರುತ್ತದೆ.

ಕಡತ ಕುಂದಾಪುರ:
ಕಬ್ಬಿಣದ ವಿಷಯ ಅವರಿಗೆ ಬಿಟ್ಟೆ, ಕಾಗದದ್ದು ನಾನು ಹೇಳುತ್ತೇನೆ. ಕಾರ್ಡಿನಲ್ಲಿ ಇರುವುದು ಈಗಿನ ನಮೂದು ಮಾತ್ರ. ನಡುವೆ ಎಂಜಿನ್ ಬದಲಾಗಿ, ಅದನ್ನು ನ್ಯಾಯವಾಗಿ ದಾಖಲೆಗೆ ಸೇರಿಸಿದ್ದರೂ ಕಾರ್ಡ್ ಮತ್ತು ಎಂಜಿನ್ ತಾಳೆಯಾಗಿಯೇ ಆಗುತ್ತವೆ. ಹಳೆಯ ಆರ್‌ಸಿ ಪುಸ್ತಕ ಮನೆಯಲ್ಲಿದ್ದರೆ ಹುಡುಕಿ. ಇಲ್ಲವಾದರೆ ಬಿ-ರಿಜಿಸ್ಟರ್ ಎಕ್ಸ್‌ಟ್ರಾಕ್ಟಿಗೆ, ಅಂದರೆ ಆರ್‌ಟಿಒ ದಾಖಲೆಯಲ್ಲಿರುವ ವಾಹನದ ನಮೂದುಗಳ ಪ್ರತಿಗೆ, ಅರ್ಜಿ ಹಾಕಿ. ಉಡುಪಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ನಿಮ್ಮ ಕಾರಿನ ಮೊದಲ ನೋಂದಣಿ ಮಂಗಳೂರಿನಲ್ಲಿ ಆಗಿದ್ದರೆ ವಿಚಾರಣೆ ಅಲ್ಲಿಂದಲೇ ಆರಂಭಿಸಿ.

2021ರ ವಿಂಟೇಜ್ ನಿಯಮಕ್ಕೆ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ವಾಹನ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ನಿಗೆ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಇಷ್ಟು ದುಡ್ಡು ಕಟ್ಟುವ ಮೊದಲು ಇತಿಹಾಸ ಕೈಯಲ್ಲಿರಲಿ. ಏನೇ ಸಿಕ್ಕರೂ ಅಂಕಿ ಅರೆದು ಮತ್ತೆ ಕೊರೆಸುವ ಬುದ್ಧಿ ಮಾತ್ರ ಬೇಡ. ಬ್ಲಾಕಿನ ಮೇಲೆಯೋ ಚಾಸಿಯ ಮೇಲೆಯೋ ಪಂಚ್ ಬಿದ್ದಲ್ಲಿ ಲೋಹ ಒಳಗಿನವರೆಗೆ ಒತ್ತಿ ಹೋಗಿರುತ್ತದೆ. ಮೇಲೆ ಅರೆದರೂ ವಿಧಿವಿಜ್ಞಾನ ಪ್ರಯೋಗಾಲಯದವರು ಆಮ್ಲ ಸವರಿ ಹಳೆಯ ಅಂಕಿಯನ್ನು ಎಬ್ಬಿಸಬಲ್ಲರು.

ಪಡುಬಿದ್ರಿ ಮಾರ್ಕ್2:
ಮೂರು ವಾರದ ಬಳಿಕ ಬರೆಯುತ್ತಿದ್ದೇನೆ. ಫಲಕದಲ್ಲಿ ರಿವೆಟ್ಟೇ ಇದೆ, ಸುತ್ತ ಬೇರೆ ರಂಧ್ರವಿಲ್ಲ. ಆ ಖುಷಿಯಲ್ಲಿದ್ದಾಗಲೇ ಎಕ್ಸ್‌ಟ್ರಾಕ್ಟ್ ಬಂತು. 1967ರ ಎಂಜಿನ್ ಸಂಖ್ಯೆಯೇ ಬೇರೆ! 1981ರಲ್ಲಿ ಎಂಜಿನ್ ಬದಲಾದ ನಮೂದಿದೆ, ಈಗಿನ ಸಂಖ್ಯೆ ಆಗ ಸೇರಿದ್ದು. ಚಾಸಿ ಸಂಖ್ಯೆ ಮಾತ್ರ ಮೊದಲಿನಿಂದಲೂ ಒಂದೇ. ಅತ್ತೆಗೆ ತೋರಿಸಿದೆ. ಬಹಳ ಹೊತ್ತು ಸುಮ್ಮನಿದ್ದು, ‘ಆ ವರ್ಷ ಕಾರು ಎರಡು ತಿಂಗಳು ಮಂಗಳೂರಿನಲ್ಲಿತ್ತು. ಪೇಂಟಿಗೆ ಕೊಟ್ಟಿದ್ದೇನೆ ಎಂದಿದ್ದರು’ ಎಂದರು. ಮಾವ ಈಗ ಇಲ್ಲ, ಇದ್ದಿದ್ದರೆ ಊಟ ಸಿಗುತ್ತಿರಲಿಲ್ಲ.

ಬಂದರಿನ ಬೇರಿಂಗ್:
ನಿಮ್ಮ ಮೆಕ್ಯಾನಿಕ್ಕಿಗೆ ಒಂದು ಚಹಾ ಕುಡಿಸಿ ಮಾರಾಯರೇ. ಅದೇ ಜಾತಿಯ ಎಂಜಿನ್, ದಾಖಲೆಯೂ ಶುದ್ಧ. ಮಾರುವಾಗ ‘ಮೂಲ ಎಂಜಿನ್’ ಎನ್ನಬೇಡಿ, ಅಷ್ಟೇ.

ಕಡತ ಕುಂದಾಪುರ:
ಅರ್ಜಿಯೊಂದಿಗೆ ಎಕ್ಸ್‌ಟ್ರಾಕ್ಟಿನ ಪ್ರತಿಯನ್ನೂ ಲಗತ್ತಿಸಿ. 1981ರ ಬದಲಾವಣೆಯನ್ನು ಅವರು ಕಂಡುಹಿಡಿಯುವ ಮೊದಲು ನೀವೇ ಹೇಳುವುದು ಒಳ್ಳೆಯದು.

ಪಡುಬಿದ್ರಿ ಮಾರ್ಕ್2:
ಹಾಗೆಯೇ ಮಾಡುತ್ತೇನೆ. ಮಾರುವ ಯೋಚನೆಯಂತೂ ಇಲ್ಲ. ರೇಡಿಯೇಟರ್ ತಳದಲ್ಲಿ ನೀರು ಜಿನುಗುತ್ತಿದೆ, ಅದಕ್ಕೆ ಬೇರೆ ಪ್ರಶ್ನೆ ಹಾಕುತ್ತೇನೆ.