ಸಿ ಜಾಯಿಂಟಲ್ಲಿ 20 ಕಿಲೋನ್ಯೂಟನ್ ಲೋಡ್ ಇದ್ರೂ ಸಿಜಿ ಮೆಂಬರಲ್ಲಿ ಫೋರ್ಸ್ ಸೊನ್ನೆ ಯಾಕೆ?

ಸಿವಿಲ್_ಹಾಸನ:
ನಮಸ್ಕಾರ, ಪ್ರಾಟ್ ಟ್ರಸ್ (ಮೆಂಬರ್ ಅಂದ್ರೆ ಕಂಬಿಗಳನ್ನ ಜಾಯಿಂಟ್‌ಗಳಲ್ಲಿ ತ್ರಿಕೋನಗಳಾಗಿ ಜೋಡಿಸಿದ ಚೌಕಟ್ಟು) ಲೆಕ್ಕ ಒಂದಿದೆ. ಸ್ಪ್ಯಾನ್ 12 ಮೀಟರ್, ಮೂರು ಮೂರು ಮೀಟರಿನ ನಾಲ್ಕು ಪ್ಯಾನೆಲ್, ಎತ್ತರ 4 ಮೀಟರ್. ಕೆಳಗೆ ಎಡದಿಂದ ಎ ಬಿ ಸಿ ಡಿ ಇ, ಬಿ ನೆತ್ತಿ ಮೇಲೆ ಎಫ್, ಸಿ ಮೇಲೆ ಜಿ, ಡಿ ಮೇಲೆ ಎಚ್. ಓರೆ ಮೆಂಬರ್‌ಗಳು ಎಎಫ್, ಎಫ್‌ಸಿ, ಸಿಎಚ್, ಎಚ್‌ಇ. ಎ ಹಿಂಜ್ (ಜರುಗದ ಆಧಾರ), ಇ ರೋಲರ್ (ಅಡ್ಡಕ್ಕೆ ಜರುಗೋ ಆಧಾರ). ಬಿ ಸಿ ಡಿ ಮೂರೂ ಕಡೆ 20 ಕಿಲೋನ್ಯೂಟನ್ ಕೆಳಮುಖ. ಎ, ಇ ಆಧಾರಗಳ ಮೇಲ್ಮುಖ ರಿಯಾಕ್ಷನ್ 30, 30 ಬಂತು. ಬಿಎಫ್‌ಗೆ 20 ಟೆನ್ಷನ್ (ಎಳೆತ), ಆದ್ರೆ ಸಿಜಿಗೆ ಸೊನ್ನೆ ಅಂತ ಉತ್ತರದಲ್ಲಿದೆ. ಎರಡೂ ನೆಟ್ಟಗೆ ನಿಂತಿರೋ ಮೆಂಬರೇ, ಎರಡರ ಬುಡದಲ್ಲೂ ಅಷ್ಟೇ ಲೋಡು, ಹಾಗಿದ್ರೆ ಸಿ ಲೋಡ್ ಹೊರೋರು ಯಾರು? ಸೊನ್ನೆ ಅಂದ್ಮೇಲೆ ಆ ಮೆಂಬರ್ ಹಾಕೋದಾದ್ರೂ ಯಾಕೆ?

ಗರ್ಡರ್‌ಗಿರಿ:
ಸಿ ಬಿಟ್ಟು ಜಿ ನೋಡಿ. ಅಲ್ಲಿ ಸೇರೋದು ಮೂರೇ ಮೆಂಬರ್, ಎಫ್‌ಜಿ ಜಿಎಚ್ ಎರಡೂ ಒಂದೇ ಅಡ್ಡಗೆರೆ, ಲಂಬವಾಗಿರೋದು ಸಿಜಿ ಒಂದೇ. ಜಿ ಮೇಲೆ ಲೋಡ್ ಇಲ್ಲ, ಅಂದ್ರೆ ಸಿಜಿ ತಳ್ಳಿದ್ರೂ ಎಳೆದ್ರೂ ಅದನ್ನ ಬ್ಯಾಲೆನ್ಸ್ ಮಾಡೋಕೆ ಅಲ್ಲಿ ಏನೂ ಇಲ್ಲ, ಹಾಗಾಗಿ ಸೊನ್ನೆ ಆಗ್ಲೇಬೇಕು. ಬಿ ಜಾಯಿಂಟಲ್ಲಿ ಎಬಿ, ಬಿಸಿ ಎರಡೂ ಅಡ್ಡ ಮಲಗಿವೆ, 20 ಎತ್ತೋಕೆ ಬಿಎಫ್ ಬಿಟ್ರೆ ಬೇರೆ ಗತಿ ಇಲ್ಲ.

ಇನ್ನು ಸಿ ಲೋಡು. ಬಿ, ಸಿ ಮಧ್ಯೆ ಸೆಕ್ಷನ್ ಕತ್ತರಿಸಿ (ಟ್ರಸ್ಸನ್ನ ಅಲ್ಲಿ ತುಂಡು ಮಾಡಿದ ಹಾಗೆ ಊಹಿಸಿ) ಎಡಭಾಗ ತಗೊಳ್ಳಿ. ಮೇಲಕ್ಕೆ 30, ಕೆಳಕ್ಕೆ 20, ಉಳಿದ 10 ಎಫ್‌ಸಿ ಒಂದೇ ಹೊರಬೇಕು. ಓರೆ ಮೆಂಬರ್ 3-4-5 ತ್ರಿಕೋನ, ಎಫ್‌ಸಿ ಇಂಟು 4/5 = 10, ಎಫ್‌ಸಿ = 12.5 ಟೆನ್ಷನ್. ಸಿಎಚ್ ಕೂಡ ಅಷ್ಟೇ. ಒಂದೊಂದರ ಲಂಬ ಪಾಲು 10, ಎರಡೂ ಸೇರಿ 20, ಸಿಜಿಗೆ ಉಳಿಯೋದು ಏನೂ ಇಲ್ಲ. ಅದೇ ಕತ್ತರಿಯಲ್ಲಿ ಸಿ ಸುತ್ತ ಮೊಮೆಂಟ್ (ಫೋರ್ಸ್ ಇಂಟು ದೂರ) ತಗೊಂಡ್ರೆ (30×6 − 20×3)/4, ಎಫ್‌ಜಿ 30 ಕಂಪ್ರೆಷನ್ (ಒತ್ತಡ). ಎ ಜಾಯಿಂಟಿಂದ ಎಎಫ್ 37.5 ಕಂಪ್ರೆಷನ್, ಎಬಿ 22.5 ಟೆನ್ಷನ್.

ಶೆಡ್_ಫ್ಯಾಬ್ರಿಕೇಟರ್:
ಎರಡನೇ ಪ್ರಶ್ನೆ ನಿಜಕ್ಕೂ ಮುಖ್ಯ, ಸೊನ್ನೆ ಬಂದ ತಕ್ಷಣ ವೇಸ್ಟ್ ಅಂದ್ಕೋಬೇಡಿ ದಯವಿಟ್ಟು. ಮೇಲಿನ ಕಾರ್ಡಲ್ಲಿ (ಎಫ್-ಜಿ-ಎಚ್ ಅಡ್ಡಸಾಲು) 30 ಕಂಪ್ರೆಷನ್ ಇದೆ, ಸಿಜಿ ತೆಗೆದು ಎಫ್‌ಎಚ್ ಒಂದೇ ಪೀಸ್ ಹಾಕಿದ್ರೂ ಲೆಕ್ಕ ಕೂಡುತ್ತೆ, 7 ಜಾಯಿಂಟು 11 ಮೆಂಬರ್ (ಬೇಕಾದ ಮೆಂಬರ್ = ಜಾಯಿಂಟ್ ಇಂಟು 2, ಅದರಲ್ಲಿ 3 ಕಳೆದಷ್ಟು), ಆದ್ರೆ ಟ್ರಸ್ಸಿನ ಸಮತಲದಲ್ಲಿ ಬಾಗೋಕೆ ಸಿಗೋ ಉದ್ದ 3ರ ಬದಲು 6 ಮೀಟರ್. ಆಯ್ಲರ್ ಲೋಡ್ (ಒತ್ತಿದ ಮೆಂಬರ್ ಬಾಗಿಬಿಡೋ ಲೋಡ್) ಉದ್ದದ ವರ್ಗಕ್ಕೆ ವಿಲೋಮ, ಉದ್ದ ಎರಡರಷ್ಟು ಆದ್ರೆ ತಡೆಯೋ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತೆ. ಫೋರ್ಸ್ ಟೇಬಲಲ್ಲಿ ಇದು ಕಾಣಲ್ಲ. ಜಿ ಜಾಯಿಂಟನ್ನ ಹಾಗೇ ಇಟ್ಟು ಸಿಜಿ ಮಾತ್ರ ತೆಗೆದ್ರೆ ಇನ್ನೂ ಕೆಟ್ಟದ್ದು, 8 ಜಾಯಿಂಟಿಗೆ 13 ಬೇಕು, 12 ಆಗುತ್ತೆ, ಜಿ ಮಡಚ್ಕೊಳ್ಳುತ್ತೆ.

ಸಿವಿಲ್_ಹಾಸನ:
ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಸಿ ಲೋಡನ್ನ ಜಿ ಮೇಲೆ ಇಟ್ರೆ ಎಫ್‌ಸಿ ಬದಲಾಗುತ್ತಾ?

ಗರ್ಡರ್‌ಗಿರಿ:
ಇಲ್ಲ. ಆ ಸೆಕ್ಷನ್ನಿನ ಎಡಭಾಗದಲ್ಲಿ ಏನೂ ಬದಲಾಗಿಲ್ಲ ನೋಡಿ, 12.5 ಹಾಗೇ ಇರುತ್ತೆ, ಎಫ್‌ಜಿ 30 ಕೂಡ. ಸಿಜಿ ಮಾತ್ರ 20 ಕಂಪ್ರೆಷನ್ ಆಗುತ್ತೆ. ಛಾವಣಿ ಟ್ರಸ್ಸಲ್ಲಿ ಪರ್ಲಿನ್ (ಶೀಟ್ ಹೊರೋ ಅಡ್ಡಪಟ್ಟಿ) ಸಾಮಾನ್ಯವಾಗಿ ಕೂರೋದು ಮೇಲಿನ ಜಾಯಿಂಟ್‌ಗಳ ಮೇಲೇ, ಅದಕ್ಕೆ ಲೋಡ್ ಎಲ್ಲಿ ಕೂತಿದೆ ಅಂತ ಮೊದಲು ನೋಡ್ಕೊಂಡು ಆಮೇಲೆ ಸೊನ್ನೆ ಮೆಂಬರ್ ಹುಡುಕಿ.