ಲಿಂಕ್ ಹಾಕಿದ್ದಾರೆ, ಆದರೆ ಗೂಗಲ್‌ಗೆ ಕಾಣದ ಹಾಗೆ?

ಗಡಿಯಾರಪ್ರಿಯ:
ಹಳೇ ಗಡಿಯಾರಗಳ ರಿಪೇರಿ ಬಗ್ಗೆ ನನ್ನದೊಂದು ಸೈಟ್ ಇದೆ. ಅದೇ ವಿಷಯದ ಇನ್ನೊಂದು ಸೈಟಿನವರು ಪರಸ್ಪರ ಲಿಂಕ್ ಹಾಕಿಕೊಳ್ಳೋಣ, ಗೂಗಲ್ ಹುಡುಕಾಟದಲ್ಲಿ ಇಬ್ಬರಿಗೂ ಅನುಕೂಲ ಅಂದರು. ಅವರದ್ದನ್ನು ನಾನು ಲೇಖನದ ಮಧ್ಯದಲ್ಲೇ ಹಾಕಿದೆ. ನನ್ನದನ್ನು ಅವರು 'ಮಿತ್ರ ತಾಣಗಳು' ಅನ್ನೋ ಪುಟಕ್ಕೆ ಸೇರಿಸಿದ್ದಾರೆ. ತೆರೆದರೆ ಲಿಂಕ್ ಇದೆ, ಒತ್ತಿದರೆ ನೆಟ್ಟಗೆ ನನ್ನ ಸೈಟಿಗೇ ಬರುತ್ತೆ. ಆದರೆ ಗೂಗಲ್‌ನಲ್ಲಿ 'ಸೈಟ್:' ಹಾಕಿ ಆ ಪುಟದ ವಿಳಾಸ ಕೊಟ್ಟು, ಅದು ಗೂಗಲ್ ಪಟ್ಟಿಯಲ್ಲಿದೆಯಾ ಅಂತ ಹುಡುಕಿದರೆ ಏನೂ ಇಲ್ಲ. ಬೇಕಂತಲೇ ಮುಚ್ಚಿಟ್ಟಿದ್ದಾರಾ, ಇಲ್ಲ ನನಗೇ ಅನುಮಾನದ ರೋಗವಾ?

ಅರ್ಧವಿರಾಮ:
ರೋಬೋಟ್ಸ್.ಟಿಎಕ್ಸ್‌ಟಿ (ಎಲ್ಲಿಗೆ ಬರಬಾರದು ಅಂತ ಗೂಗಲ್ ಥರದವರಿಗೆ ಹೇಳೋ ಫೈಲ್) ನೋಡಿದ್ರಾ? ಡಿಸ್‌ಅಲೌ ಸಾಲಲ್ಲಿ ಆ ಫೋಲ್ಡರ್ ಇದ್ದರೆ ಅಲ್ಲಿಗೆ ಮುಗೀತು.

ಗಡಿಯಾರಪ್ರಿಯ:
ನೋಡಿದೆ. ಅಡ್ಮಿನ್ ಫೋಲ್ಡರ್ ಬಿಟ್ಟರೆ ಎಲ್ಲ ಮುಕ್ತ. ಪುಟದ ಸೋರ್ಸ್‌ನಲ್ಲೂ ನೋಇಂಡೆಕ್ಸ್ ('ಹುಡುಕಾಟದ ಪಟ್ಟಿಗೆ ಸೇರಿಸಬೇಡ' ಅನ್ನೋ ಸೂಚನೆ) ಇಲ್ಲ, ಲಿಂಕಿಗೆ ನೋಫಾಲೋ ('ಈ ಲಿಂಕನ್ನು ಲೆಕ್ಕಕ್ಕೆ ತಗೋಬೇಡ' ಅನ್ನೋದು) ಇಲ್ಲ.

ಹಳೇಬಾಟ್:
ಆ ಫೈಲನ್ನು ಯಾರು ಬೇಕಾದರೂ ಓದಬಹುದು, ಜಾಣರು ಅಲ್ಲಿ ಬಚ್ಚಿಡಲ್ಲ. ಹೆಡರ್, ಅಂದರೆ ಪುಟದ ಜೊತೆ ಸರ್ವರ್ ಕಳಿಸೋ, ಸೋರ್ಸ್‌ನಲ್ಲಿ ಕಾಣದ ಮಾಹಿತಿ ನೋಡಿ. ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ, ಪುಟ ರೀಲೋಡ್ ಮಾಡಿ, ಮೊದಲ ಸಾಲನ್ನು ಕ್ಲಿಕ್ ಮಾಡಿ. ರೆಸ್ಪಾನ್ಸ್ ಹೆಡರ್‌ಗಳಲ್ಲಿ 'ಎಕ್ಸ್-ರೋಬೋಟ್ಸ್-ಟ್ಯಾಗ್: ನೋಇಂಡೆಕ್ಸ್' ಅಂತ ಇದ್ದರೆ ಎಚ್‌ಟಿಎಂಎಲ್ ಎಷ್ಟು ಸಾಚಾ ಆಗಿದ್ದರೂ ಆ ಪುಟ ಇಂಡೆಕ್ಸ್ ಆಗಲ್ಲ. ಸೋರ್ಸ್ ನೋಡಿ ಸಮಾಧಾನ ಮಾಡ್ಕೊಳ್ಳೋರೆಲ್ಲ ಎಡವೋದು ಇಲ್ಲೇ. 'ಅಸಲಿ ಪುಟ ಇದು' ಅಂತ ಗೂಗಲ್‌ಗೆ ಹೇಳೋ ಕೆನಾನಿಕಲ್ ಸಾಲನ್ನೂ ಓದಿ, ಅದು ಮುಖಪುಟದ ಕಡೆ ಕೈ ತೋರಿಸ್ತಿದ್ದರೆ ಅನುಮಾನಪಡಿ.

ಎರಡೂ ಸರಿಯಿದ್ದರೆ ಕ್ಲೋಕಿಂಗ್ ಇರಬಹುದು: ನಿಮಗೊಂದು ಪುಟ, ಪುಟಗಳನ್ನು ಓದೋಕೆ ಬರೋ ಗೂಗಲ್‌ಬಾಟ್‌ಗೆ ಇನ್ನೊಂದು. ಬ್ರೌಸರ್‌ನ ಯೂಸರ್ ಏಜೆಂಟ್ (ತಾನು ಯಾರು ಅಂತ ಸರ್ವರ್‌ಗೆ ಹೇಳಿಕೊಳ್ಳೋ ಹೆಸರು) ಬದಲಿಸಿ ನೋಡೋದು ಅರ್ಧ ಪರೀಕ್ಷೆ ಅಷ್ಟೇ, ಐಪಿ ವಿಳಾಸ ನೋಡಿ ಆಟ ಕಟ್ಟೋ ಸರ್ವರ್ ಅದಕ್ಕೆ ಬಗ್ಗಲ್ಲ. ಗೂಗಲ್‌ನ ರಿಚ್ ರಿಸಲ್ಟ್ಸ್ ಟೆಸ್ಟ್‌ಗೆ ಆ ವಿಳಾಸ ಕೊಡಿ. ಸೈಟ್ ಮಾಲೀಕರಿಗೆ ಗೂಗಲ್ ಕೊಡೋ ಸರ್ಚ್ ಕನ್ಸೋಲ್ ಥರ ಇಲ್ಲಿ ಸೈಟ್ ನಿಮ್ಮದೇ ಆಗಿರಬೇಕಿಲ್ಲ. ಗೂಗಲ್‌ಗೆ ಸಿಕ್ಕ ಎಚ್‌ಟಿಎಂಎಲ್ ಅಲ್ಲೇ ಕಾಣುತ್ತೆ, ಅದರಲ್ಲಿ ನಿಮ್ಮ ಡೊಮೈನ್ ಹುಡುಕಿ.

ಅರ್ಧವಿರಾಮ:
ಒಂದು ಮಾತು. 'ಸೈಟ್:'ನಲ್ಲಿ ಬರಲಿಲ್ಲ ಅಂದ ಮಾತ್ರಕ್ಕೆ ಮೋಸ ಅಂತಲ್ಲ. ಬೇರೆ ಯಾವ ಪುಟದಿಂದಲೂ ದಾರಿ ಇಲ್ಲದಿದ್ದರೆ ಗೂಗಲ್ ಅದನ್ನು ಕಂಡಿರದೇ ಇರಬಹುದು. ಅದನ್ನೂ ಕೆಲವರು ಬೇಕಂತಲೇ ಮಾಡ್ತಾರೆ ಅನ್ನಿ. ಮತ್ತೆ, ಕೊಟ್ಟು-ತಗೊಳ್ಳೋ ಲಿಂಕ್ ಅತಿಯಾದರೆ ಗೂಗಲ್ ಅದನ್ನು ಸ್ಪ್ಯಾಮ್ ಅಂತಲೇ ಎಣಿಸುತ್ತೆ.

ಗಡಿಯಾರಪ್ರಿಯ:
ಹೆಡರ್‌ನಲ್ಲೇ ಸಿಕ್ತು! ನೋಇಂಡೆಕ್ಸ್, ನೋಫಾಲೋ ಎರಡೂ. ಅವರ ಬೇರೆ ಪುಟಗಳನ್ನೂ ತೆಗೆದು ನೋಡಿದೆ, ಎಲ್ಲೂ ಇಲ್ಲ, ಇದೊಂದರಲ್ಲಿ ಮಾತ್ರ. ಯಾಕೆ ಹೀಗೆ ಅಂತ ಮೇಲ್ ಹಾಕಿದೀನಿ. ಉತ್ತರ ಬರೋವರೆಗೆ ನನ್ನ ಕಡೆಯ ಲಿಂಕ್ ತೆಗೆದಿಟ್ಟೆ.

ಹಳೇಬಾಟ್:
ಸೆಟ್ಟಿಂಗ್ ತಪ್ಪಾಗಿದೆ, ಸರಿ ಮಾಡ್ತೀವಿ ಅಂತಾರೆ. ಆಮೇಲೂ ಆಗಾಗ ಹೆಡರ್ ನೋಡ್ತಿರಿ.